ಪಂಕ್ತಿಯ ಕೊನೆಯ ತಾಟು

ಗುರುಜಿ ತೀರಿಕೊಂಡ ಸುದ್ದಿ ಬಂದಾಗ ನಾನು ಇಚಲಕರಂಜಿಯ ತವರುಮನೆಯಲ್ಲಿ ನೀರು ತುಂಬುತ್ತಿದ್ದೆ. ನಮ್ಮ ಓಣಿಯ ನಳಕ್ಕೆ ಅದರದೇ ಮರ್ಜಿ. ಅದು ಬಂದಾಗ ನಮ್ಮ ಮನೆಯಲ್ಲಿ ಯಾರೂ ಫೋನು ಎತ್ತುವುದಿಲ್ಲ, ಒಬ್ಬರ ಮಾತು ಒಬ್ಬರು ಕೇಳುವುದಿಲ್ಲ. ಕಿಟಕಿಯಲ್ಲಿದ್ದ ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಮತ್ತೆ ಹೊಡೆದುಕೊಂಡಾಗ ನನ್ನ ತಮ್ಮ ಎತ್ತಿದ. ಪಕ್ಕದ ಮನೆಯ ಮಗ್ಗಗಳ ಸದ್ದಿನಲ್ಲಿ ಅವನು ಏನಂದನೋ ತಿಳಿಯಲಿಲ್ಲ. ಹತ್ತಿರ ಬಂದು, ನನ್ನ ಕೈಯಿಂದ ಕೊಡ ಇಸಿದುಕೊಂಡು ಹೇಳಿದ:

"ಅಕ್ಕಾ, ನಿಮ್ಮ ಸಾಲಿ ಗುರುಜಿ ತೀರ್ಕೊಂಡ್ರಂತ. ಬೆಳಗಿನ್ಯಾಗ ಎದಿನೋವು ಬಂದು."

"ಸುಮ್ನಿರೋ. ನಿನ್ನಿ ಮಧ್ಯಾಹ್ನ ನನ್ನ ಎದುರಿಗೇ ಗಾಡಿ ಚಾಲೂ ಮಾಡ್ಕೊಂಡು ಹೋಗ್ಯಾರ," ಎಂದೆ. ನಿನ್ನೆ ಮೋಟರ್‌ಸೈಕಲ್ ಓಡಿಸಿದವರು ಇಂದು ಸಾಯಬಾರದೆಂದು ಎಲ್ಲೋ ಕಾನೂನು ಇದ್ದಂತೆ ಹೇಳಿದೆ. ಆಮೇಲೆ ನಳ ಬಂದ್ ಮಾಡಿ, ಒದ್ದೆ ಸೀರೆ ಬದಲಿಸಿ, ತಮ್ಮನ ಗಾಡಿಯ ಹಿಂದೆ ಕುಳಿತು ಅವರ ಊರು ಸುಳಕೂಡಕ್ಕೆ ಹೋದೆ.

ಗುರುಜಿ ಎಂದರೆ ನಮ್ಮ ಶಾಲೆಯ ಹಿರಿಯ ಶಿಕ್ಷಕರು. ಶಾಲೆ ಇರುವುದು ಗಡಹಿಂಗ್ಲಜದ ಆಚೆ, ಗಡಿಗೆ ಅಂಟಿಕೊಂಡ ಒಂದು ಹಳ್ಳಿಯಲ್ಲಿ. ಮಹಾರಾಷ್ಟ್ರದೊಳಗಿನ ಕನ್ನಡ ಶಾಲೆ, ಒಂದನೆಯ ಇಯತ್ತೆಯಿಂದ, ಅಂದರೆ ತರಗತಿಯಿಂದ, ನಾಲ್ಕರವರೆಗೆ. ಶಿಕ್ಷಕರು ಇಬ್ಬರೇ, ಅವರು ಮತ್ತು ಎಲ್ಲರೂ 'ಬಾಯಾರ' ಎಂದು ಕರೆಯುವ ನಾನು. ಮಕ್ಕಳೆಲ್ಲ ಹೆಚ್ಚಾಗಿ ಕುರಿ ಸಾಕುವ, ಹೊಲ ಮಾಡುವ ಮನೆಗಳವರು. ಗುರುಜಿಯದು ಸುಳಕೂಡದ ಜೈನ ಮನೆತನ, ಕಬ್ಬಿನ ಹೊಲವಿತ್ತು. ವಾರವಿಡೀ ಗಡಹಿಂಗ್ಲಜದ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಿಪ್ಪಾಣಿ, ಕಾಗಲ ದಾಟಿ ಊರಿಗೆ ಹೋಗುತ್ತಿದ್ದರು.

ಇಚಲಕರಂಜಿಗೆ ಸುಳಕೂಡದ ನದಿಯಿಂದ ನೀರು ತರುವ ಮಾತು ವರ್ಷಗಳಿಂದ ನಡೆದಿದೆ. ಎರಡೂ ಕಡೆಯವರು ಮೋರ್ಚಾ ತೆಗೆಯುತ್ತಾರೆ, ಘೋಷಣೆ ಕೂಗುತ್ತಾರೆ. ನಮ್ಮಿಬ್ಬರ ನಡುವೆ ಅದು ಚೇಷ್ಟೆಯ ವಿಷಯವಾಗಿತ್ತು. ಸೋಮವಾರ ನಾನು ನೀರಿನ ಬಾಟಲಿ ಮರೆತು ಬಂದು ಅವರ ಬಾಟಲಿಗೆ ಕೈ ಹಾಕಿದರೆ, "ಬಾಯಾರ, ಇದು ಸುಳಕೂಡ ನೀರು. ಇಚಲಕರಂಜಿಯವ್ರಿಗೆ ಕೊಡಾಕ ನಮ್ಮೂರಾಗ ಭಾಳ ವಿರೋಧ ಐತಿ," ಎನ್ನುತ್ತಿದ್ದರು. ಅಂದು ಅವರ ಮನೆಯ ಪಡಸಾಲೆಯಲ್ಲಿ ಯಾರೋ ನನಗೆ ತಂಬಿಗೆ ತುಂಬ ನೀರು ಕೊಟ್ಟರು. ನಾನು ಅದನ್ನು ಹಾಗೇ ಪಕ್ಕಕ್ಕೆ ಇಟ್ಟೆ.

ಗುರುಜಿಯನ್ನು ಮಲಗಿಸಿದ್ದರು. ಕಣ್ಣು ಮುಚ್ಚಿತ್ತು. ನಾನು ಅತ್ತೆನೆಂದು ಹೇಳಿದರೆ ಸುಳ್ಳಾಗುತ್ತದೆ. ನನಗೆ ಸಿಟ್ಟು ಬಂತು. ಅರ್ಧ ದಿನದ ರಜೆ ಬೇಕಿದ್ದರೂ ನಾಲ್ಕು ದಿನ ಮೊದಲೇ ನನ್ನನ್ನು ಕೇಳಿ, ನನ್ನ ಗೊಣಗಾಟ ಕೇಳಿಸಿಕೊಂಡು ಹೋಗುವ ಮನುಷ್ಯ ಹೀಗೆ ಹೇಳದೆ ಕೇಳದೆ ಹೋಗಿಬಿಡುವುದೆಂದರೇನು? ಜೈನರಲ್ಲಿ ತಡ ಮಾಡುವುದಿಲ್ಲ. ಗಡಹಿಂಗ್ಲಜದ ಕಡೆಯ ಜನ ಗಾಡಿ ಮಾಡಿಕೊಂಡು ಹೊರಡುವಷ್ಟರಲ್ಲಿ ನದಿಯ ದಡದಲ್ಲಿ ಎಲ್ಲವೂ ಮುಗಿದಿತ್ತು. ಶಾಲೆಯ ಪರವಾಗಿ ಅವರ ಮುಖ ನೋಡಿದವಳು ನಾನೊಬ್ಬಳೇ.

ಈಗ ಅದರ ಹಿಂದಿನ ದಿನದ, ಶನಿವಾರದ ಸಂಗತಿ ಹೇಳಬೇಕು. ಅದನ್ನು ಬಿಟ್ಟರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ಖಿಚಡಿ ಎಂದೇ ಹೆಸರು. ಅನ್ನ, ಆಮಟಿ ಸಾರು ಮಾಡಿದ ದಿನವೂ ಅದು ಖಿಚಡಿಯೇ. ಮಾಡುವವಳು ಊರಿನ ಒಬ್ಬ ಅಜ್ಜಿ. ಅವಳ ಮಕ್ಕಳು ಕುರಿ ಹೊಡೆದುಕೊಂಡು ಉತ್ತೂರ ಕಡೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಮೊಮ್ಮಗಳು ಅಜ್ಜಿಯ ಹತ್ತಿರ ಇದ್ದು ನಾಲ್ಕನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಕೊಲ್ಲಾಪುರದ ಸೀಮೆಯಲ್ಲಿ ಕಾಂದಾ-ಲಸೂಣ ಮಸಾಲೆ ಬೀಳದ ಅಡುಗೆ ಅಡುಗೆಯೇ ಅಲ್ಲ. ಗುರುಜಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಅದಕ್ಕಾಗಿ ಅಜ್ಜಿ ದೊಡ್ಡ ಪಾತೇಲಿಯ ಪಕ್ಕದಲ್ಲಿ ಒಂದು ಸಣ್ಣ ಗಡಿಗೆಯಲ್ಲಿ ಅವರದನ್ನು ಬೇರೆ ಬೇಯಿಸುತ್ತಿದ್ದಳು. ಗಡಿಗೆ ಬೇರೆಯಾದರೂ ಅವರು ಕೂಡುತ್ತಿದ್ದುದು ವರಾಂಡದಲ್ಲಿ ಮಕ್ಕಳ ಪಂಕ್ತಿಯಲ್ಲೇ, ಕೊನೆಯ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಅಂಚಿಗೆ ಗೆರೆಯಿದ್ದ ತಮ್ಮ ಸ್ಟೀಲಿನ ತಾಟು ಮುಂದಿಟ್ಟುಕೊಂಡು. ಉಂಡಾದ ಮೇಲೆ ತಾಟಿನಲ್ಲಿ ಒಂದಿಷ್ಟು ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನೇ ಕುಡಿದುಬಿಡುತ್ತಿದ್ದರು. ಅವರ ಮನೆಯಲ್ಲಿ ಹಿರಿಯರಿಂದ ಬಂದ ರೂಢಿ, ಒಂದು ಅಗುಳೂ ಕೆಡಬಾರದು, ಅದರಲ್ಲಿ ಹುಳ ಹುಟ್ಟಿ ಸಾಯಬಾರದು ಎಂದು.

ನಾನು ಹೊಸದಾಗಿ ಬಂದಾಗ ಅದನ್ನು ನೋಡಿ ಮುಖ ಆ ಕಡೆ ತಿರುಗಿಸಿದ್ದೆ. "ಗುರುಜಿ, ಭಾಂಡೆ ತಿಕ್ಕೂ ಕೆಲಸಾ ಉಳಿಸಾಕತ್ತೀರೇನ್ರಿ?" ಎಂದು ಕೇಳಿಯೂ ಕೇಳಿದ್ದೆ.

"ಇಚಲಕರಂಜಿಯವ್ರಿಗೆ ನೀರಿನ ಕಿಮ್ಮತ್ತ ನಾವು ಹೇಳಿಕೊಡಬೇಕೇನ್ರಿ ಬಾಯಾರ?" ಎಂದು ತಾಟು ಕವುಚಿ ಇಟ್ಟು ಎದ್ದಿದ್ದರು. ಮಕ್ಕಳಲ್ಲಿ ಕೆಲವರು ಅವರಂತೆ ಮಾಡುತ್ತಿದ್ದರು, ಕೆಲವರು ನಗುತ್ತಿದ್ದರು. ಅವರು ಯಾರಿಗೂ ಒತ್ತಾಯ ಮಾಡಿದವರಲ್ಲ.

ಆ ಶನಿವಾರ ಗ್ಯಾಸ್ ತೀರಿತ್ತು. ಅಜ್ಜಿ ಹಸಿ ಕಟ್ಟಿಗೆ ಉರಿಸಲು ಹೋಗಿ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಪಾತೇಲಿಯ ತಳ ಹತ್ತಿತ್ತು. ಬಾಯಲ್ಲಿಟ್ಟರೆ ಬರೀ ಹೊಗೆಯ ರುಚಿ. ಮಕ್ಕಳು ಒಬ್ಬೊಬ್ಬರಾಗಿ ಎದ್ದು, ಶಾಲೆಯ ಹಿಂದೆ ಹೋಗಿ, ಗಟಾರಕ್ಕೆ ಸುರಿದು ಬಂದರು. ಗುರುಜಿ ಇನ್ನೂ ಬಡಿಸಿಕೊಂಡಿರಲಿಲ್ಲ. ಕೈ ತೊಳೆಯಲು ಹಿಂದೆ ಹೋದವರು ಅದನ್ನು ನೋಡಿದರು.

"ಯಾರು ಚೆಲ್ಲಿದ್ರಿ ಇದನ್ನ?"

ಅಜ್ಜಿಯ ಮೊಮ್ಮಗಳೇ ಮೊದಲು ಕೈ ಎತ್ತಿದಳು. ಸುಳ್ಳು ಹೇಳುವ ಹುಡುಗಿಯಲ್ಲ ಅವಳು. "ನಾ ಚೆಲ್ಲೇನ್ರಿ. ತಳ ಹತ್ತೇತ್ರಿ. ಬಾಯಾಗ ಇಡಾಕ ಆಗವಲ್ದು."

"ಅನ್ನಾ ಚೆಲ್ಲಬಾರದು ಅಂತ ಎಷ್ಟ ಸಲ ಹೇಳೇನಿ?"

"ನಿಮ್ಮ ಗಡಿಗ್ಯಾಗಿಂದಕ್ಕ ತಳ ಹತ್ತಿಲ್ಲಲ್ರಿ ಗುರುಜಿ," ಎಂದಳು.

ಮಾತು ಖರೆ ಇತ್ತು. ಅದಕ್ಕೇ ಅದು ಚುಚ್ಚಿತು. ಗುರುಜಿಗೆ ಸಿಟ್ಟು ಬಂದರೆ ಕೂಗುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಂತುಬಿಡುತ್ತಿದ್ದರು. ಅಂದೂ ಹಾಗೇ ನಿಂತರು. ಕಣ್ಣು ತೆಗೆದು, "ಹೌದಾ? ಹಂಗಾರ ಇನ್ನ ಮುಂದ ನಿಮ್ಮ ಪಂಕ್ತಿಗೆ ನಾ ಕೂಡಂಗಿಲ್ಲ," ಎಂದರು. ತಾಟನ್ನು ಗೋಡೆಯ ಗೂಡಿನಲ್ಲಿ ಕವುಚಿ ಇಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು.

ನಾನು ಗೇಟಿನವರೆಗೆ ಹಿಂದೆಯೇ ಹೋದೆ. "ಹಸಗೊಂಡ ಹೋಗಬ್ಯಾಡ್ರಿ. ಸಣ್ಣ ಹುಡುಗಿ, ಏನೋ ಅಂದಾಳ."

"ಸೋಮವಾರ ನೋಡೂಣು ಬಾಯಾರ," ಎಂದು ಗಾಡಿಗೆ ಕಿಕ್ ಹೊಡೆದರು. ಅದೇ ಅವರು ನನಗೆ ಹೇಳಿದ ಕೊನೆಯ ಮಾತು.

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಊರಿಗೆಲ್ಲ ಸುದ್ದಿ ಗೊತ್ತಿತ್ತು. ಮಕ್ಕಳಿಗೂ ಗೊತ್ತಿತ್ತು, ಆದರೆ ಶಾಲೆಯವರು ಹೇಳಿದ ಮೇಲೆಯೇ ಅದು ನಿಜ ಎಂಬಂತೆ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಸುತ್ತಿ ಬಳಸದೆ ಹೇಳಿದೆ. ಒಂದನೆಯ ಇಯತ್ತೆಯವನೊಬ್ಬ, "ಹಂಗಾದ್ರ ಇವತ್ತ ಸೂಟಿ ಏನ್ರಿ?" ಎಂದ. ದೊಡ್ಡವರು ಅವನಿಗೆ ತಿವಿದರು. ಅವನು ಅಳತೊಡಗಿದ. ಅವನನ್ನು ನೋಡಿ ಉಳಿದ ಸಣ್ಣವರೂ ಶುರು ಮಾಡಿದರು. ನಾಲ್ಕನೆಯ ಇಯತ್ತೆಯವರು ಮಾತ್ರ ಅಳಲಿಲ್ಲ. ಸಾಲು ಬಿಟ್ಟು ನನ್ನ ಸುತ್ತ ಬಂದು ನಿಂತರು. ಅಜ್ಜಿಯ ಮೊಮ್ಮಗಳು ಕೇಳಿದಳು:

"ಬಾಯಾರ, ನೀವು ನೋಡೀರಿ ಅಲ್ರಿ? ಗುರುಜಿ ಮಾರಿ ಹೆಂಗಿತ್ರಿ?"

"ಸಮಾಧಾನ ಇತ್ತವಾ. ಕಣ್ಣ ಮುಚ್ಚಿದ್ರು. ಮಲಗಿದಂಗ ಇದ್ರು."

"ಗುರುಜಿ ಸಿಟ್ಟ ಬಂದಾಗೂ ಕಣ್ಣ ಮುಚ್ಚತಿದ್ರಲ್ರಿ," ಎಂದಳು.

ಗೇಟಿನ ಹತ್ತಿರದ ಮಾತನ್ನು ಹೇಳಿದೆ: ಸೋಮವಾರ ನೋಡೂಣು ಅಂದಾರ, ಸಿಟ್ಟಿದ್ದರೆ ಹಾಗೆ ಅನ್ನುತ್ತಿದ್ದರೇ? ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ನೋಡೋಣ ಎಂದರೆ ಕೂಡುತ್ತೇನೆ ಎಂದಲ್ಲ, ಅದು ಅವರಿಗೂ ಗೊತ್ತು. ದೊಡ್ಡವರು ಆ ಮಾತನ್ನು ಯಾವಾಗ ಬಳಸುತ್ತಾರೆಂದು ಮಕ್ಕಳಿಗಿಂತ ಚೆನ್ನಾಗಿ ತಿಳಿದವರಿಲ್ಲ.

ಶೋಕಸಭೆ ಆಯಿತು. ಸುತ್ತಲಿನ ಶಾಲೆಗಳ ಮೇಲ್ವಿಚಾರಕರಾದ ಕೇಂದ್ರಪ್ರಮುಖರು ಬಂದು ಮರಾಠಿಯಲ್ಲಿ ಒಳ್ಳೆಯ ಮಾತಾಡಿದರು. ಊರಿನ ತರುಣ ಮಂಡಳದವರು ಗೇಟಿಗೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ದೊಡ್ಡ ಫ್ಲೆಕ್ಸ್ ಕಟ್ಟಿದರು. ಫೋಟೋದ್ದೇ ಫಜೀತಿ. ದಿನಾ ಖಿಚಡಿಯ ಫೋಟೋ ತೆಗೆದು ಮೇಲಿನವರಿಗೆ ಕಳಿಸುವ ಕೆಲಸ ಗುರುಜಿಯದೇ ಆಗಿದ್ದರಿಂದ ಶಾಲೆಯ ಯಾವ ಫೋಟೋದಲ್ಲೂ ಅವರೇ ಇರಲಿಲ್ಲ. ಕಡೆಗೆ ಯಾರದೋ ಲಗ್ನದಲ್ಲಿ ತಲೆಗೆ ಫೇಟಾ ಸುತ್ತಿಸಿಕೊಂಡು ನಿಂತದ್ದು ಸಿಕ್ಕಿತು. ಫ್ಲೆಕ್ಸಿನ ಮೇಲೆ ಅವರು ಪಂಚಾಯತಿಗೆ ನಿಂತ ಉಮೇದುವಾರರಂತೆ ಕಾಣುತ್ತಿದ್ದರು. ಬದುಕಿದ್ದರೆ ಎಷ್ಟು ನಗುತ್ತಿದ್ದರು ಎಂದು ಅನಿಸಿ ನನಗೆ ಒಮ್ಮೆಲೇ ನಗು ಬಂತು. ಕೇಂದ್ರಪ್ರಮುಖರು ನನ್ನನ್ನು ದುರುಗುಟ್ಟಿ ನೋಡಿದರು.

ಅಲ್ಲಿಂದ ಮುಂದೆ ಶಾಲೆ ನಡೆಯಿತು. ನಡೆಯಲೇಬೇಕಲ್ಲ. ಬದಲಿ ಶಿಕ್ಷಕರು ಬರುತ್ತಾರೆ ಎಂದರು, ಬರಲಿಲ್ಲ. ನಾಲ್ಕೂ ಇಯತ್ತೆಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು, ಒಂದು ಮೂಲೆಯಲ್ಲಿ ಮಗ್ಗಿ, ಇನ್ನೊಂದು ಮೂಲೆಯಲ್ಲಿ ಕಾಗುಣಿತ ಹಾಕಿ ನಾನು ನಡುವೆ ಓಡಾಡಿದೆ. ಪ್ರತಿ ದಿನವೂ ಏನಾದರೂ ಕೇಳಲು ಪಕ್ಕದ ಕೋಣೆಯ ಬಾಗಿಲವರೆಗೆ ಹೋಗಿ ವಾಪಸು ಬರುತ್ತಿದ್ದೆ. ಅವರು ಇಲ್ಲದ್ದು ನನಗೆ ಅಲ್ಲಿ ಭಾಳ ತಟ್ಟಿತು.

ಊಟದ ಹೊತ್ತಿಗೆ ಮಕ್ಕಳು ಪಂಕ್ತಿಯ ಕೊನೆಯ ಜಾಗ ಖಾಲಿ ಬಿಟ್ಟು ಕೂಡುತ್ತಿದ್ದರು. ನಾನು ಹೇಳಿದ್ದಲ್ಲ, ಯಾರೂ ಹೇಳಿದ್ದಲ್ಲ. ಉಂಡ ಮೇಲೆ ಈಗ ಎಲ್ಲರೂ ತಾಟಿಗೆ ನೀರು ಹಾಕಿ ಕುಡಿಯತೊಡಗಿದರು. ನಗುತ್ತಿದ್ದವರೂ ಕುಡಿದರು. ಗಟಾರಕ್ಕೆ ಒಂದು ಅಗುಳು ಬೀಳುವುದೂ ನಿಂತಿತು. ಆದರೆ ಅಜ್ಜಿಯ ಮೊಮ್ಮಗಳು ಪಂಕ್ತಿಗೇ ಬರಲಿಲ್ಲ. ಮಧ್ಯಾಹ್ನವಾದರೆ ಅಂಗಳದ ಹುಣಸೆ ಗಿಡದ ಕಟ್ಟೆಯ ಮೇಲೆ ಹೋಗಿ ಕೂಡುತ್ತಿದ್ದಳು.

ಮೊದಲು ನಾನು ಗದರಿಸಿದೆ. ನನ್ನ ಹತ್ತಿರ ಎಲ್ಲ ರೋಗಕ್ಕೂ ಅದೊಂದೇ ಔಷಧ. ಒಂದು ದಿನ ಕೈ ಹಿಡಿದು ಎಳೆತಂದು ಕೂಡಿಸಿ, ನಾನೇ ಎರಡು ತುತ್ತು ತಿನ್ನಿಸಿದೆ. ಎದ್ದು ಹೋಗಿ ವಾಂತಿ ಮಾಡಿಕೊಂಡಳು. ಆಮೇಲೆ ಪಕ್ಕದಲ್ಲಿ ಕುಳಿತು ಮೆತ್ತಗೆ ಕೇಳಿದೆ.

"ಗುರುಜಿ ಪಂಕ್ತಿಗೆ ಕೂಡಂಗಿಲ್ಲ ಅಂದಾರ್ರಿ. ನನ್ನ ಸಂಬಂಧ ಅಂದಾರ. ನಾ ಹೆಂಗ ಕೂಡ್ಲಿ?" ಎಂದಳು. ಅಳುತ್ತಿರಲಿಲ್ಲ. ಲೆಕ್ಕ ಹೇಳಿದಂತೆ ಹೇಳಿದಳು. ಮನೆಯಲ್ಲೂ ಅವಳು ಅರ್ಧ ರೊಟ್ಟಿಗೆ ಎದ್ದುಬಿಡುತ್ತಾಳೆಂದು ಅಜ್ಜಿ ಹೇಳಿದಳು. ಹುಡುಗಿಯ ಕೊರಳ ಎಲುಬು ಫ್ರಾಕಿನಿಂದ ಹೊರಗೆ ಕಾಣತೊಡಗಿತ್ತು. ನನಗೆ ಹೆದರಿಕೆಯಾಯಿತು.

ಉಪಾಯ ತೆಗೆದವಳು ಅಜ್ಜಿ. "ಬಾಯಾರ, ಗುರುಜಿಗೆ ಎಡಿ ಇಡೂಣ್ರಿ. ಕಾಗಿ ಮುಟ್ಟಿದ್ರ ಸಿಟ್ಟ ಹೋಗೇತಿ ಅಂತ ಪೋರಿಗೂ ಗೊತ್ತಾಕ್ಕೈತಿ."

ನಮ್ಮ ಕಡೆ ಸತ್ತವರಿಗೆ ಅವರಿಗೆ ಸೇರುವ ಅಡುಗೆ ಮಾಡಿ, ಬಯಲಲ್ಲಿ ಇಟ್ಟು, ಕಾಗೆಯ ದಾರಿ ಕಾಯುತ್ತಾರೆ. ಕಾಗೆ ಮುಟ್ಟಿದರೆ ಹೋದವರಿಗೆ ಯಾವ ಆಸೆಯೂ ಯಾವ ಸಿಟ್ಟೂ ಉಳಿದಿಲ್ಲ ಎಂದರ್ಥ. ಮುಟ್ಟದಿದ್ದರೆ ಮನೆಯವರು ಒಬ್ಬೊಬ್ಬರಾಗಿ ಮುಂದೆ ಬಂದು, ಇದನ್ನು ಮಾಡುತ್ತೇವೆ, ಅದನ್ನು ನಡೆಸುತ್ತೇವೆ ಎಂದು ಮಾತು ಕೊಡಬೇಕು. ಕಾಗೆಗೆ ಒಪ್ಪಿಗೆಯಾಗುವ ಮಾತು ಸಿಗುವವರೆಗೆ ಇದು ನಡೆಯುತ್ತದೆ.

"ಅವರು ಜೈನರು ಅಜ್ಜಿ. ಅವ್ರಲ್ಲಿ ಇದೆಲ್ಲ ಇಲ್ಲ," ಎಂದೆ.

"ಅವ್ರಲ್ಲಿ ಇಲ್ದಿದ್ರ ಏನಾತ್ರಿ? ಇಡಾವ್ರು ನಾವಲ್ಲೇನು? ನಮ್ಮಲ್ಲಿ ಐತಲ್ಲ."

ನಾನು ಒಪ್ಪಿದೆ. ಯಾವ ದಿನ ಇಡಬೇಕೆಂದು ಊರಲ್ಲಿ ವಾದವಾಯಿತು. ಹತ್ತನೆಯ ದಿನ ಎಂದರು ಕೆಲವರು, ಹನ್ನೊಂದು ಎಂದರು ಕೆಲವರು. ವಾದ ಮುಗಿಯುವುದರೊಳಗೆ ಎರಡೂ ದಾಟಿಹೋದವು. ಅಷ್ಟರಲ್ಲಿ ಕೇಂದ್ರಪ್ರಮುಖರಿಗೆ ಗಾಳಿಸುದ್ದಿ ಮುಟ್ಟಿ ಫೋನು ಬಂತು. "ಬಾಯೀ, ಶಾಳೇತ ಅಸಲಂ ಕಾಹೀ ಚಾಲಣಾರ ನಾಹೀ," ಶಾಲೆಯಲ್ಲಿ ಇಂಥದ್ದೆಲ್ಲ ನಡೆಯುವುದಿಲ್ಲ ಎಂದರು. "ಹೋ ಸರ್," ಆಗಲಿ ಸರ್, ಎಂದೆ. ಹೇಳುವುದು ಅವರ ಕೆಲಸ, ಹೋ ಅನ್ನುವುದು ನನ್ನ ಕೆಲಸ. ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಎಂದು ನಿಶ್ಚಯಿಸಿದೆ. ಅವರು ಶಾಲೆಯಿಂದ ಕೊನೆಯ ಸಲ ಹೋದದ್ದೂ ಶನಿವಾರವೇ.

ಆ ದಿನ ಮಕ್ಕಳೇ ಅಡುಗೆಗೆ ಉಸ್ತುವಾರಿ. ಅಜ್ಜಿಯ ಕೈ ರೂಢಿಯಿಂದ ಮಸಾಲೆ ಡಬ್ಬಿಗೆ ಹೋದಾಗ ಎಲ್ಲರೂ ಒಟ್ಟಿಗೆ ಕೂಗಿಕೊಂಡರು. ಹಳೆಯ ಸಣ್ಣ ಗಡಿಗೆಯಲ್ಲಿ ಹೆಸರುಬೇಳೆಯ ಖಿಚಡಿ ಬೆಂದಿತು. ಗುರುಜಿಯ ತಾಟನ್ನು ಗೂಡಿನಿಂದ ಇಳಿಸಿ, ತೊಳೆದು, ಬಡಿಸಿ, ಹುಣಸೆ ಗಿಡದ ಕಟ್ಟೆಯ ಮೇಲೆ ಇಟ್ಟರು. ಇರುವೆ ಮುತ್ತಬಾರದು, ಇರುವೆ ಸಾಯಲೂಬಾರದು, ಗುರುಜಿಗೆ ಸೇರುವುದಿಲ್ಲ. ಅದಕ್ಕೆ ಸುತ್ತ ಅರಿಶಿನದ ಗೆರೆ ಎಳೆದರು. ನಾಯಿ, ಕೋಳಿ ಓಡಿಸಲು ಮೂರನೆಯ ಇಯತ್ತೆಯವರು ಕೋಲು ಹಿಡಿದು ನಿಂತರು. ಕೊನೆಗೆ ಒಬ್ಬ ನೆನಪಿಸಿದ: "ಹೊತ್ತ ಮುಳಗಿದ ಮ್ಯಾಲ ಗುರುಜಿ ಉಣ್ಣಂಗಿಲ್ಲ. ಕಾಗಿ ಅದ್ರೊಳಗ ಬರಬೇಕು." ಹೌದೆನ್ನುತ್ತ ಎಲ್ಲರೂ ಪಶ್ಚಿಮಕ್ಕೆ ನೋಡಿದರು.

ಕಾಗೆ ಬಂತು. ಮೇಲಿನ ಕೊಂಬೆಯಲ್ಲಿ ಕುಳಿತಿತು, ಕತ್ತು ಓರೆ ಮಾಡಿ ತಾಟನ್ನು ನೋಡಿತು, ನಮ್ಮನ್ನು ನೋಡಿತು, ಅಲ್ಲೇ ಕುಳಿತಿತು. ಮಕ್ಕಳು ಮಾತು ಕೊಡಲು ಶುರು ಮಾಡಿದರು. ಒಬ್ಬ ಹದಿನೇಳರ ಮಗ್ಗಿ ಕಲಿಯುತ್ತೇನೆ ಎಂದ. ಗುರುಜಿಗೆ ಅದರ ಮೇಲೆ ಭಾಳ ಪ್ರೀತಿಯಿತ್ತು. ಕಾಗೆ ಅಲುಗಲಿಲ್ಲ. "ಹತ್ತೊಂಬತ್ತರದೂ ಕಲೀತೇನಿ," ಎಂದ, ಧಾರಾಳವಾಗಿ. ಒಬ್ಬಳು ಇನ್ನು ಹಲಗೆಯ ಮೇಲೆ ಬರೆಯುವ ಖಡು ಕದಿಯುವುದಿಲ್ಲ ಎಂದಳು. ಖಡು ಯಾರು ಕದಿಯುತ್ತಿದ್ದರೆಂದು ನನಗೆ ಅಂದೇ ತಿಳಿದದ್ದು. ಗ್ಯಾಸ್ ತೀರಿದರೆ ಆ ದಿನ ಅಡುಗೆಯನ್ನೇ ಮಾಡುವುದಿಲ್ಲ ಎಂದು ಅಜ್ಜಿಯೂ ಸೆರಗೊಡ್ಡಿ ಹೇಳಿದಳು. ಕಡೆಗೆ ಅವಳ ಮೊಮ್ಮಗಳು ಕಟ್ಟೆಯ ಹತ್ತಿರ ಹೋಗಿ ನಿಂತಳು.

"ತಪ್ಪಾತ್ರಿ ಗುರುಜಿ," ಎಂದಳು.

ಕಾಗೆ ಹಾರಿಹೋಯಿತು.

ಆ ಕ್ಷಣ ಅವಳ ಮುಖ ಹೇಗಾಯಿತೆಂದು ನೋಡಿದವರಿಗೆ ಗೊತ್ತು. ಆ ಪಕ್ಷಿಯ ಕುತ್ತಿಗೆ ನನ್ನ ಕೈಗೆ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ. ಇಂಥ ಆಟಕ್ಕೆ ಒಪ್ಪಿದ ನನ್ನ ಮೇಲೂ ಸಿಟ್ಟು ಬಂತು. ಸೋತರೆ ಏನು ಮಾಡುವುದೆಂದು ಯಾರೂ ಯೋಚಿಸಿರಲಿಲ್ಲ. ಅಜ್ಜಿ, "ಆರಿ ಹೋಗೇತಿ, ಅದಕ್ಕ ಬರವಲ್ದು," ಎಂದು ಆ ಅನ್ನವನ್ನು ಎಮ್ಮೆಗೆ ಹಾಕಿ, ಮತ್ತೆ ಒಲೆ ಹೊತ್ತಿಸಿ ಇನ್ನೊಂದು ಗಡಿಗೆ ಬಿಸಿಬಿಸಿ ಮಾಡಿದಳು. ಮತ್ತೆ ತಾಟು ಇಟ್ಟೆವು. ಬಿಸಿಲು ಗೋಡೆ ಹತ್ತಿತು. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಸಣ್ಣ ಮಕ್ಕಳು ಒಬ್ಬೊಬ್ಬರೇ ಮನೆಗೆ ಹೊರಟರು. ಹುಡುಗಿ ಕಟ್ಟೆ ಬಿಟ್ಟು ಕದಲಲಿಲ್ಲ.

ಆಗ ಒಂದು ಸಣ್ಣ ಟೆಂಪೋ ಬಂದು ಗೇಟಿನ ಹತ್ತಿರ ನಿಂತಿತು. ಹಿಂದೆ ಸುರುಳಿ ಸುತ್ತಿದ ಗಾದಿ, ಸ್ಟೋವು, ಬಕೀಟು. ಗುರುಜಿಯ ಹೆಂಡತಿ ಇಳಿದರು. ಮನೆಯ ಸೂತಕ ಹಿಂದಿನ ದಿನ ಕಳೆದಿತ್ತು. ಮೈದುನನ ಜೊತೆ ಗಡಹಿಂಗ್ಲಜದ ಕೋಣೆ ಖಾಲಿ ಮಾಡಲು ಬಂದವರು, ಶಾಲೆಯನ್ನು ಒಮ್ಮೆ ನೋಡಿ ಹೋಗೋಣವೆಂದು ಈ ಕಡೆ ತಿರುಗಿದ್ದರು. ನಾನು ಎದುರು ಹೋಗಿ ಕೈ ಹಿಡಿದೆ. "ಬರ್ರಿ ವೈನಿ," ಎಂದೆ.

ಅವರು ಅಂಗಳ ನೋಡಿದರು, ಫ್ಲೆಕ್ಸಿನ ಮೇಲಿನ ಫೇಟಾ ನೋಡಿದರು, ಆಮೇಲೆ ಕಟ್ಟೆಯನ್ನು ನೋಡಿದರು.

"ಇದು ನಮ್ಮ ಮನಿ ತಾಟ," ಎಂದರು.

ನಾನು ನಾಚಿಕೊಳ್ಳುತ್ತಲೇ ಎಲ್ಲ ಹೇಳಿದೆ. ಎಡೆ, ಕಾಗೆ, ಶನಿವಾರದ ಖಿಚಡಿ, ಪಂಕ್ತಿಗೆ ಕೂಡುವುದಿಲ್ಲ ಎಂದ ಮಾತು. ನಿಮ್ಮಲ್ಲಿ ಇದಿಲ್ಲವೆಂದು ಗೊತ್ತು, ತಪ್ಪು ತಿಳಿಯಬೇಡಿ ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಮೆಚ್ಚಲೂ ಇಲ್ಲ. ಕಟ್ಟೆಯ ಹತ್ತಿರ ಹೋಗಿ ಹುಡುಗಿಯ ಎದುರು ನಿಂತರು.

"ಚೆಲ್ಲಿದಾಕಿ ನೀನೇನವಾ?"

ಹುಡುಗಿ ತಲೆಯಾಡಿಸಿದಳು. ಆಮೇಲೆ ಕೇಳಿದಳು, "ಅವತ್ತ ಗುರುಜಿ ಮನ್ಯಾಗ ಏನ್ರಿ ಅಂದ್ರು?"

ವೈನಿ ಒಂದು ಸುಳ್ಳು ಹೇಳಿಬಿಡಲಿ, ನಿನ್ನ ಮೇಲೆ ಸಿಟ್ಟಿಲ್ಲವೆಂದು ಹೇಳಿದ್ದರು ಎಂದುಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ನಿಮ್ಮ ವಿಷಯ ಏನೂ ಅಂದಿಲ್ಲವಾ. ಕಬ್ಬಿಗೆ ನೀರ ಬಿಡೂದು ಅಂದ್ರು, ಗಾಡಿ ಟಾಯರ್ ಬದಲಿಸಬೇಕು ಅಂದ್ರು," ಎಂದರು. ಹುಡುಗಿಯ ತಲೆ ಕೆಳಗಾಯಿತು. ಅವರು ನೆನಪು ಮಾಡಿಕೊಳ್ಳುವವರಂತೆ ಮತ್ತೆ ಹೇಳಿದರು: "ಸಿಟ್ಟಿದ್ರ ಅವರು ಉಣ್ಣಾವರಲ್ಲ. ನನ್ನ ಜೋಡಿ ಜಗಳಾ ಆದ್ರೂ ಅಷ್ಟ, ಒಂದೊಂದ ದಿನ ಉಪಾಸ ಕೂಡತಿದ್ರು. ಅವತ್ತ ಹೊತ್ತ ಮುಳಗೂದರೊಳಗ ಬಂದು ಉಂಡಾರ. ಮ್ಯಾಲ ಎರಡ ಸಲ ಹಾಕಿಸ್ಕೊಂಡಾರ. ಭಾಳ ಹಸದಿದ್ರು."

ಹುಡುಗಿ ತಲೆ ಎತ್ತಿದಳು. "ಎರಡ ಸಲ?"

"ಹೂಂ. ತಾಟ ತೊಳದು ಕುಡದಾರ. ಆಮ್ಯಾಲ ಮಲಗ್ಯಾರ."

ಟೆಂಪೋದಿಂದ ಮೈದುನ ಕೂಗಿದ, ಊರು ಮುಟ್ಟುವಷ್ಟರಲ್ಲಿ ಕತ್ತಲಾಗುತ್ತದೆ ಎಂದು. ವೈನಿ ಸೂರ್ಯನನ್ನು ನೋಡಿದರು. ಬೆಳಿಗ್ಗೆಯಿಂದ ಸಾಮಾನು ಕಟ್ಟುತ್ತ ಅವರು ಏನೂ ಉಂಡಿರಲಿಲ್ಲ. ಕತ್ತಲಾದರೆ ಉಣ್ಣುವಂತಿಲ್ಲ. ಕಟ್ಟೆಯ ಮೇಲಿನ ತಾಟನ್ನು ಎರಡೂ ಕೈಯಿಂದ ಎತ್ತಿ, ಏನಾದರೂ ಬಿದ್ದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು.

"ಅಯ್ಯಯ್ಯ, ಅದು ಎಡಿ ಐತ್ರಿ ಅವ್ವಾ! ಉಣಬಾರದ್ರಿ!" ಎಂದು ಅಜ್ಜಿ ಓಡಿಬಂದಳು.

"ನಮ್ಮಲ್ಲಿ ಹಂಗಿಲ್ರಿ. ಅನ್ನಾ ಕೆಡಬಾರದು, ಅಷ್ಟ," ಎಂದರು. ವರಾಂಡಕ್ಕೆ ಬಂದರು. "ಎಲ್ಲೆ ಕೂಡತಿದ್ರು?"

ಮಕ್ಕಳು ತೋರಿಸಿದರು. ವೈನಿ ಕೊನೆಯ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು, ತಾಟು ಮುಂದಿಟ್ಟುಕೊಂಡು ಕುಳಿತರು. ಹುಡುಗಿಯ ಕಡೆ ನೋಡಿ, "ಬಾರವಾ. ನಾ ಒಬ್ಬಾಕೇ ಹೆಂಗ ಉಣ್ಲಿ?" ಎಂದರು.

ಹುಡುಗಿ ಅಡುಗೆ ಕೋಣೆಗೆ ಹೋದಳು. ಅಲ್ಲಿ ಪಾತ್ರೆಯ ಸದ್ದಾಯಿತು. ತನ್ನ ತಾಟು ತಂದು, ಗಡಿಗೆಯ ತಳದಲ್ಲಿ ಉಳಿದದ್ದನ್ನು ಬಡಿಸಿಕೊಂಡು, ಅವರ ಮಗ್ಗುಲಿಗೆ ಕುಳಿತಳು. ಅಜ್ಜಿ ಬಾಯಿಗೆ ಸೆರಗು ಇಟ್ಟುಕೊಂಡಳು. ಅವರಿಬ್ಬರೂ ಉಂಡರು. ಹುಡುಗಿ ಮೊದಲು ಮೆಲ್ಲಗೆ ತಿಂದಳು, ಆಮೇಲೆ ಗಬಗಬನೆ ತಿಂದಳು. ಇಷ್ಟು ದಿನದ ಹಸಿವು ಅದು. ಮುಗಿದ ಮೇಲೆ ವೈನಿ ತಂಬಿಗೆ ಬಗ್ಗಿಸಿ ತಾಟಿಗೆ ನೀರು ಹಾಕಿಕೊಂಡರು, ಹುಡುಗಿಯ ತಾಟಿಗೂ ಹಾಕಿದರು. ಬೆರಳಿನಿಂದ ಸುತ್ತ ತೊಳೆದು, ತಾಟು ಎತ್ತಿ ಕುಡಿದರು. ಅವಳೂ ಕುಡಿದಳು. ನಾನು ಆಗ ಅತ್ತೆ. ಗುರುಜಿಗಾಗಿ ಮೊದಲ ಸಲ, ಮಕ್ಕಳ ಎದುರಿಗೇ, ಮೂಗು ಸೋರುವಂತೆ ಅತ್ತೆ.

ಟೆಂಪೋ ಹೋದಾಗ ಗೋಡೆಯ ತುದಿಯಲ್ಲಿ ಇನ್ನೂ ಸ್ವಲ್ಪ ಬಿಸಿಲಿತ್ತು. ತಾಟನ್ನು ವೈನಿ ಒಯ್ಯಲಿಲ್ಲ. ಇಲ್ಲೇ ಇರಲಿ, ಯಾರಾದರೂ ಉಣ್ಣಲಿ ಎಂದರು. ಹುಡುಗಿ ಅದನ್ನು ತೊಳೆದು ಒಣಗಲೆಂದು ಕಟ್ಟೆಯ ಮೇಲೆ ಇಟ್ಟಿದ್ದಳು. ಆಗ ಕಾಗೆ ಬಂತು. ಅದೇ ಕಾಗೆಯೋ ಬೇರೆಯದೋ, ನೇರ ಬಂದು ತಾಟಿನ ಅಂಚಿಗೆ ಕುಳಿತು, ಒಳಗೆ ಬಗ್ಗಿ ನೋಡಿತು. ಒಂದು ಅಗುಳೂ ಇರಲಿಲ್ಲ. ಉಳಿದ ಮಕ್ಕಳೆಲ್ಲ ನಿಂತಲ್ಲೇ ನಿಂತರು.

ಹುಡುಗಿ ಮಾತ್ರ ಕೈ ಬೀಸುತ್ತ ಹೋದಳು. "ಹುಶ್! ಹೋಗ," ಎಂದಳು, "ಗುರುಜೀದು ಊಟ ಆಗೇತಿ."